ನೋವು ತಿಳಿಯದ ಪಾದಗಳಿಗಾಗಿ

ಪಾದದಲ್ಲಿ ಹುಣ್ಣಾಗಿ ಆಸ್ಪತ್ರೆಗೆ ಬರುವ ಸಕ್ಕರೆ ಕಾಯಿಲೆಯವರನ್ನು ಡಾಕ್ಟರು ಮೊದಲು ಕೇಳುವುದು, ‘ಎಷ್ಟು ದಿನದಿಂದ ಹೀಗಿದೆ?’ ಎಂದು. ಬಹಳ ಮಂದಿಯ ಉತ್ತರ ಒಂದೇ ತೆರನಾಗಿರುತ್ತದೆ: ‘ನನಗೆ ಗೊತ್ತೇ ಆಗಲಿಲ್ಲ ಡಾಕ್ಟ್ರೇ, ಮನೆಯವಳು ನೋಡಿ ಹೇಳಿದಳು.’ ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲಿನ ಮೇಲೆ ದಿನವಿಡೀ ನಡೆದವರಿದ್ದಾರೆ. ಅಟ್ಟೆ ತೂರಿ ಬಂದ ಮೊಳೆ ಅಂಗಾಲಿಗೆ ನಾಟಿದ್ದು, ಸಂಜೆ ಕಾಲು ತೊಳೆಯುವಾಗ ನೀರು ಕೆಂಪಾದ ಮೇಲೆಯೇ ತಿಳಿದವರೂ ಇದ್ದಾರೆ. ಇವರೆಲ್ಲ ಅಜಾಗರೂಕರು ಎಂದು ದಯವಿಟ್ಟು ತಿಳಿಯಬೇಡಿ. ಪಾದದಿಂದ ಮಿದುಳಿಗೆ ಸುದ್ದಿ ಒಯ್ಯುವ ನರಗಳೇ ಇವರ ಪಾಲಿಗೆ ಸುಮ್ಮನಾಗಿಬಿಟ್ಟಿವೆ.

ಆ ಸುದ್ದಿಯನ್ನು ಬೇರೊಂದು ದಾರಿಯಿಂದ ತರಲು ಹೊರಟಿರುವ ಉಪಕರಣಗಳ ಬಗ್ಗೆ ಇವತ್ತು ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ. ಅವು ಮೆತ್ತಗಿರುವ, ಬಾಗುವ, ಮೈಯ ಆಕಾರಕ್ಕೆ ಒಗ್ಗುವ ಸ್ಪರ್ಶ ಸೆನ್ಸರ್‌ಗಳು. ಒಂದು ವಸ್ತು ಇನ್ನೊಂದಕ್ಕೆ ತಾಗಿದಾಗ ಎಷ್ಟು ಬಲ ಬಿತ್ತು, ಎಲ್ಲಿ ಬಿತ್ತು, ಯಾವ ದಿಕ್ಕಿಗೆ ಬಿತ್ತು ಎಂದು ಅಳೆಯುವುದು ಇವುಗಳ ಕೆಲಸ. ಕಾರ್ಖಾನೆಯ ರೋಬೋ ಕೈಗೂ ಇವು ಬೇಕು, ಕೈ ಕಳೆದುಕೊಂಡವರ ಕೃತಕ ಕೈಗೂ ಬೇಕು. ಆ ಬಗ್ಗೆ ಹೇಳುವುದು ಬೇಕಾದಷ್ಟಿದೆ. ಆದರೆ ನಾನು ಪಾದವನ್ನೇ ಆರಿಸಿಕೊಂಡಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು. ಇಷ್ಟು ಜನರಲ್ಲಿ ಎಷ್ಟೋ ಮಂದಿಯ ಪಾದಗಳು ಇವತ್ತಲ್ಲ ನಾಳೆ ಸ್ಪರ್ಶ ಕಳೆದುಕೊಳ್ಳುವಂಥವು. ಈ ಸೆನ್ಸರ್‌ಗಳ ಅಗತ್ಯ ಇವರಿಗಿರುವಷ್ಟು ರೋಬೋಗಳಿಗಿಲ್ಲ ಎಂಬುದು ನನ್ನ ಭಾವನೆ.

ಮೊದಲು ನಮ್ಮ ಚರ್ಮ ಏನು ಮಾಡುತ್ತದೆ ನೋಡೋಣ. ಅಂಗೈ ಮತ್ತು ಅಂಗಾಲಿನ ಕೂದಲಿಲ್ಲದ ಚರ್ಮದಲ್ಲಿ ಸ್ಪರ್ಶ ಗ್ರಹಿಸುವ ನಾಲ್ಕು ಬಗೆಯ ನರತುದಿಗಳಿವೆ. ಒತ್ತಿ ಹಿಡಿದಷ್ಟು ಹೊತ್ತೂ ಸುದ್ದಿ ಕಳಿಸುತ್ತಲೇ ಇರುವವು ಕೆಲವು. ತಾಗಿದ ಕ್ಷಣ ಮತ್ತು ಬಿಟ್ಟ ಕ್ಷಣ ಮಾತ್ರ ಹೇಳುವವು ಕೆಲವು. ಒಂದು ಬಗೆಯದು ಸಣ್ಣ ಕಂಪನಕ್ಕೆ ಮಿಡಿಯುತ್ತದೆ, ಇನ್ನೊಂದು ಚರ್ಮ ಪಕ್ಕಕ್ಕೆ ಎಳೆದುಕೊಂಡರೆ ಮಿಡಿಯುತ್ತದೆ. ಸ್ವೀಡನ್ನಿನ ರೋಲಂಡ್ ಯೊಹಾನ್ಸನ್ ಮತ್ತು ಓಕೆ ವಾಲ್ಬೊ 1979ರಲ್ಲಿ ಹಾಕಿದ ಲೆಕ್ಕದಂತೆ ಒಂದು ಅಂಗೈಯಲ್ಲಿ ಇಂಥ ಸುಮಾರು 17,000 ಗ್ರಾಹಕಗಳಿವೆ. ಚರ್ಮ ಒತ್ತಿಕೊಂಡದ್ದು ನರದೊಳಗೆ ವಿದ್ಯುತ್ ಸಂಕೇತವಾಗುವುದು ಹೇಗೆ ಎಂಬುದು ಬಹುಕಾಲ ಒಗಟಾಗಿಯೇ ಉಳಿದಿತ್ತು. ಅಮೆರಿಕದಲ್ಲಿ ಆರ್ಡೆಮ್ ಪಟಪೂಟಿಯನ್ ಅವರ ತಂಡ 2010ರಲ್ಲಿ, ಒತ್ತಿದರೆ ಬಾಗಿಲು ತೆರೆಯುವ ‘ಪಿಯೆಜೊ’ ಎಂಬ ಪ್ರೋಟೀನುಗಳನ್ನು ಪತ್ತೆ ಮಾಡಿತು. 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಅವರಿಗೂ, ಬಿಸಿಯ ಗ್ರಹಿಕೆಯನ್ನು ಬಿಡಿಸಿದ ಡೇವಿಡ್ ಜೂಲಿಯಸ್ ಅವರಿಗೂ ಸೇರಿ ಸಂದಿತು.

ಇದೇ ಯೊಹಾನ್ಸನ್ ಅವರ ಇನ್ನೊಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. ಬೆರಳುಗಳಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆದು ಗೀರಲು ಹೇಳಿದರು. ಕಣ್ಣು ತೆರೆದೇ ಇತ್ತು, ಸ್ನಾಯುಗಳಲ್ಲಿ ಬಲ ಇದ್ದೇ ಇತ್ತು. ಆದರೂ ಕಡ್ಡಿ ಜಾರುತ್ತದೆ, ಬೀಳುತ್ತದೆ, ತಿರುಗಾಮುರುಗಾ ಆಗುತ್ತದೆ. ಕೆಲವೇ ಸೆಕೆಂಡುಗಳ ಕೆಲಸಕ್ಕೆ ಹಲವು ಪಟ್ಟು ಹೊತ್ತು ಹಿಡಿಯಿತು. ಸ್ಪರ್ಶ ಹೋದರೆ ಬರೀ ಒಂದು ಸುಖ ಹೋಗುವುದಲ್ಲ, ಬಲವನ್ನು ಹದವಾಗಿ ಬಳಸುವ ಶಕ್ತಿಯೇ ಹೋಗುತ್ತದೆ. ಕಾಲಿನ ವಿಷಯದಲ್ಲೂ ಅಷ್ಟೇ. ನಾವು ನೀವು ತುಸು ದೂರ ನಡೆದ ಮೇಲೆ ಹಿಮ್ಮಡಿ ಉರಿಯತೊಡಗಿದರೆ ನಮಗೇ ತಿಳಿಯದಂತೆ ಭಾರವನ್ನು ಪಾದದ ಅಂಚಿಗೆ ಸರಿಸುತ್ತೇವೆ, ಕೊಂಚ ಕುಂಟುತ್ತೇವೆ, ಇಲ್ಲವೇ ಎಲ್ಲಾದರೂ ಕೂರುತ್ತೇವೆ. ಸ್ಪರ್ಶವಿಲ್ಲದ ಪಾದ ಕುಂಟುವುದಿಲ್ಲ. ನೊಂದ ಜಾಗದ ಮೇಲೆಯೇ ಮತ್ತೆ ಮತ್ತೆ ಅದೇ ಭಾರ ಹಾಕಿಕೊಂಡು ನಡೆಯುತ್ತದೆ.

ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವರು ಡಾ. ಪಾಲ್ ಬ್ರ್ಯಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ, ಇಂಗ್ಲಿಷ್ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿದವರು. ಲಂಡನ್ನಿನಲ್ಲಿ ಶಸ್ತ್ರವೈದ್ಯ ಕಲಿತು 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠ ರೋಗದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಉದುರುತ್ತವೆ ಎಂದು ಆಗ ಜನ ನಂಬಿದ್ದರು, ಎಷ್ಟೋ ವೈದ್ಯರೂ ನಂಬಿದ್ದರು. ಬ್ರ್ಯಾಂಡ್ ಅವರು ರೋಗಿಗಳ ಕೈಕಾಲುಗಳನ್ನು ದಿನದಿನವೂ ನೋಡಿದರು, ಗಾಯ ಎಲ್ಲಿಂದ ಬಂತೆಂದು ಒಂದೊಂದನ್ನೂ ವಿಚಾರಿಸಿದರು. ಆಗ ಕಂಡ ಸತ್ಯ ಬೇರೆಯೇ ಆಗಿತ್ತು. ರೋಗಾಣು ನರವನ್ನು ಕೊಲ್ಲುತ್ತದೆ. ಬೆರಳನ್ನು ತಿನ್ನುವುದು ರೋಗಾಣುವಲ್ಲ, ಬಿಸಿ ಪಾತ್ರೆ, ಒರಟು ಹಿಡಿಕೆ, ಕಲ್ಲು, ಮುಳ್ಳು. ನೋವಿಲ್ಲದ್ದರಿಂದ ಗಾಯಕ್ಕೆ ವಿಶ್ರಾಂತಿ ಇಲ್ಲ, ವಿಶ್ರಾಂತಿ ಇಲ್ಲದ್ದರಿಂದ ಮಾಯುವುದಿಲ್ಲ, ಕೀವಾಗಿ ಮೂಳೆಗೆ ಇಳಿಯುತ್ತದೆ.

ಬ್ರ್ಯಾಂಡ್ ಅವರು 1966ರಲ್ಲಿ ಅಮೆರಿಕದ ಲೂಯಿಸಿಯಾನಾ ರಾಜ್ಯದ ಕಾರ್ವಿಲ್‌ಗೆ, ಅಲ್ಲಿನ ಸರ್ಕಾರಿ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಅವರು ಕೈಹಾಕಿದ ಕೆಲಸವೇ ನನ್ನ ಇವತ್ತಿನ ಮಾತಿನ ನಡುಗಂಬ. ಹೋದ ನೋವಿಗೆ ಬದಲಿಯಾಗಿ ಕೃತಕ ನೋವನ್ನು ಕಟ್ಟಿಕೊಡಲು ಅವರು ಹೊರಟರು. ಮೊದಲೊಂದು ಸರಳ ಉಪಾಯ: ತೆಳುವಾದ ಕಾಲುಚೀಲದಲ್ಲಿ ಬಣ್ಣ ತುಂಬಿದ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳನ್ನು ಹುದುಗಿಸುವುದು. ಒತ್ತಡ ಮಿತಿ ಮೀರಿದಲ್ಲಿ ಗುಳಿಗೆ ಒಡೆದು ಬಣ್ಣ ಹರಡುತ್ತದೆ, ಕಾಲುಚೀಲ ಬಿಚ್ಚಿ ನೋಡಿದರೆ ಅಪಾಯದ ಜಾಗ ಕಣ್ಣಿಗೆ ಕಾಣುತ್ತದೆ. ಎಬ್ನರ್ ಎಂಬ ಸಹೋದ್ಯೋಗಿಯ ಜೊತೆ 1969ರಲ್ಲಿ ಈ ಬಗ್ಗೆ ಪ್ರಕಟಿಸಿದರು. ಮುಂದಿನ ಹೆಜ್ಜೆ ಇನ್ನೂ ದೊಡ್ಡದು. ಎಂಜಿನಿಯರುಗಳನ್ನು ಸೇರಿಸಿಕೊಂಡು, ಒತ್ತಡ ಅಳೆಯುವ ಸೆನ್ಸರ್‌ಗಳಿರುವ ಕೈಗವಸು ಮತ್ತು ಕಾಲುಚೀಲ ಮಾಡಿಸಿದರು. ಒತ್ತಡ ಹೆಚ್ಚಾದರೆ ಕಿವಿಯಲ್ಲಿ ಸದ್ದು ಕೇಳುವ ವ್ಯವಸ್ಥೆ. ರೋಗಿಗಳಿಗೆ ಸದ್ದು ಕೇಳಿಸುತ್ತಿತ್ತು, ಅರ್ಥವೂ ಆಗುತ್ತಿತ್ತು, ಆದರೂ ಕೈಗೆ ಬಂದ ಕೆಲಸ ಮುಗಿಸದೆ ಬಿಡುತ್ತಿರಲಿಲ್ಲ. ಸದ್ದಿನ ಬದಲು ಸ್ಪರ್ಶ ಇನ್ನೂ ಉಳಿದಿದ್ದ ಕಂಕುಳಿಗೆ ವಿದ್ಯುತ್ ಶಾಕ್ ಕೊಟ್ಟು ನೋಡಿದರು. ನಿಜವಾಗಿಯೂ ನೋಯಿಸುವ ಶಾಕ್. ಆಗ ರೋಗಿಗಳು, ಬಿಗಿಯಾದ ಬೋಲ್ಟು ಬಿಚ್ಚಬೇಕಾದಾಗಲೆಲ್ಲ ಯಂತ್ರವನ್ನು ಆಫ್ ಮಾಡಿ, ಬೋಲ್ಟು ಬಿಚ್ಚಿ, ಮತ್ತೆ ಆನ್ ಮಾಡಿಕೊಳ್ಳುತ್ತಿದ್ದರು. ವರ್ಷಗಳ ದುಡಿಮೆಯ ನಂತರ ಬ್ರ್ಯಾಂಡ್ ಆ ಯೋಜನೆಯನ್ನು ಕೈಬಿಟ್ಟರು. ಈ ಕಥೆಯನ್ನು ಫಿಲಿಪ್ ಯಾನ್ಸಿ ಅವರ ಜೊತೆ ಬರೆದ, 1993ರಲ್ಲಿ ಬಂದ ನೋವಿನ ಕುರಿತ ಪುಸ್ತಕದಲ್ಲಿ ಏನೂ ಮುಚ್ಚಿಡದೆ ಹೇಳಿಕೊಂಡಿದ್ದಾರೆ.

ಈ ಸೋಲನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಇದು ಸೆನ್ಸರ್ ಕೆಟ್ಟು ಬಂದ ಸೋಲಷ್ಟೇ ಅಲ್ಲ. ಅಂದಿನ ಸೆನ್ಸರ್‌ಗಳು ಲೋಹದವು, ದುಬಾರಿ, ಬೇಗ ಹಾಳಾಗುತ್ತಿದ್ದವು ಎಂಬುದು ನಿಜ. ಆದರೆ ಅವು ಸರಿಯಾಗಿ ಅಳೆದ ಹೊತ್ತಿನಲ್ಲೂ ಫಲ ಸಿಗಲಿಲ್ಲ. ನೋವು ಎಂಬುದು ಬರೀ ಸುದ್ದಿಯಲ್ಲ, ಅದೊಂದು ಬಲವಂತ. ಹಲ್ಲುನೋವನ್ನು ಆಮೇಲೆ ನೋಡಿಕೊಳ್ಳೋಣ ಎಂದು ಆಫ್ ಮಾಡಲು ಗುಂಡಿ ಇಲ್ಲ. ಸೆನ್ಸರ್ ಸುದ್ದಿ ಕೊಡಬಲ್ಲದು, ಬಲವಂತ ಮಾಡಲಾರದು. ಆದ್ದರಿಂದ ಅಳತೆ ಸಿಕ್ಕ ಮೇಲೆ ಅದರಿಂದ ಏನು ಮಾಡುತ್ತೇವೆ, ಯಾರು ಮಾಡುತ್ತಾರೆ ಎಂಬುದನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಸ್ಪರ್ಶ ಸೆನ್ಸರ್ ಕುರಿತು ಇವತ್ತು ಬರುವ ಉತ್ಸಾಹದ ಸುದ್ದಿಗಳಲ್ಲಿ ಕಾಣೆಯಾಗುವುದು ಇದೇ.

ಇನ್ನು ಅಳತೆಯ ಮಾತಿಗೆ ಬರುತ್ತೇನೆ. ಅರವತ್ತು ಕಿಲೋ ತೂಕದವರು ಎರಡು ಕಾಲ ಮೇಲೆ ನೆಟ್ಟಗೆ ನಿಂತರೆ ಅಂಗಾಲಿನ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವುದು ಸರಾಸರಿ ಸುಮಾರು 300 ಗ್ರಾಂ. ಇದರಿಂದ ಏನೂ ಆಗದು. ನಡೆಯುವಾಗ ಲೆಕ್ಕ ಬದಲಾಗುತ್ತದೆ. ಭಾರವೆಲ್ಲ ಒಂದೇ ಕಾಲಿನ ಮೇಲೆ ಬರುತ್ತದೆ. ಹಿಮ್ಮಡಿ ನೆಲಕ್ಕೆ ತಾಗುವಾಗ ಒಮ್ಮೆ, ಮುಂಗಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುವಾಗ ಇನ್ನೊಮ್ಮೆ, ನೆಲದ ಮೇಲಿನ ಬಲ ಮೈತೂಕವನ್ನೂ ಮೀರುತ್ತದೆ. ಆ ಎರಡನೆಯ ಕ್ಷಣದಲ್ಲಿ ಇಡೀ ಭಾರ ಹೆಬ್ಬೆರಳು ಮತ್ತು ಬೆರಳುಗಳ ಬುಡದ ಮೂಳೆಯ ಗುಬುಟುಗಳ ಮೇಲೆ ಕೂರುತ್ತದೆ. ಅಂಗಾಲಿನ ಬಹುಪಾಲು ಹುಣ್ಣುಗಳು ಏಳುವ ಜಾಗವೂ ಇದೇ.

ಸಕ್ಕರೆ ಕಾಯಿಲೆ ಈ ಜಾಗವನ್ನು ಹಲವು ಕಡೆಯಿಂದ ಮುತ್ತುತ್ತದೆ. ದೇಹದ ಅತಿ ಉದ್ದದ ನರಗಳು ಮೊದಲು ಸೋಲುವುದರಿಂದ ಪಾದಕ್ಕೇ ಮೊದಲ ಪೆಟ್ಟು. ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಕೊಕ್ಕೆಯಾಗಿ ಬಾಗುತ್ತವೆ, ಮೂಳೆಯ ಗುಬುಟುಗಳ ಕೆಳಗಿನ ಮೆತ್ತನೆಯ ಕೊಬ್ಬು ಮುಂದಕ್ಕೆ ಸರಿದುಹೋಗುತ್ತದೆ. ಕೀಲುಗಳೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವೂ ಬಿಗಿಯಾಗುತ್ತವೆ. ಬೆವರು ನಿಂತು ಚರ್ಮ ಒಣಗುತ್ತದೆ. ಒತ್ತಡ ಬಿದ್ದಲ್ಲಿ ಆಣಿ ಕಟ್ಟುತ್ತದೆ. ಆಣಿಯೇ ಒತ್ತಡವನ್ನು ಮತ್ತಷ್ಟು ಹೆಚ್ಚಿಸುತ್ತದೆ. ಆಣಿಯನ್ನು ತಿಳಿದವರ ಕೈಯಲ್ಲಿ ಹೆರೆಸಿದರೆ ಆ ಜಾಗದ ಗರಿಷ್ಠ ಒತ್ತಡ ಕಾಲುಭಾಗಕ್ಕೂ ಮಿಕ್ಕಿ ಇಳಿಯುತ್ತದೆ ಎಂದು ಅಳೆದು ತೋರಿಸಿದ್ದಾರೆ. ನೆನಪಿಡಿ, ತಿಳಿದವರ ಕೈಯಲ್ಲಿ. ಮನೆಯಲ್ಲಿ ಬ್ಲೇಡು ಹಿಡಿದು ಹೆರೆದುಕೊಂಡು ಕಾಲು ಕಳೆದುಕೊಂಡವರಿದ್ದಾರೆ.

ಒಮ್ಮೆ ಹುಣ್ಣಾಗಿ ಮಾಗಿದವರ ಪಾದರಕ್ಷೆಯೊಳಗೆ ಗರಿಷ್ಠ ಒತ್ತಡ 200 ಕಿಲೋಪಾಸ್ಕಲ್‌ಗಿಂತ ಕೆಳಗಿರಬೇಕು, ಇಲ್ಲವೇ ಇದ್ದದ್ದಕ್ಕಿಂತ ಶೇ. 30ರಷ್ಟಾದರೂ ಇಳಿಯಬೇಕು ಎಂದು ಅಂತಾರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಹೇಳುತ್ತದೆ. 200 ಕಿಲೋಪಾಸ್ಕಲ್ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡು ಕಿಲೋ ಭಾರ. ಅಳೆಯದೆ ಇದನ್ನು ಹೇಳಲು ಯಾರಿಂದಲೂ ಆಗದು. ಚಪ್ಪಲಿ ಮೆತ್ತಗಿದೆಯೆಂದು ಬೆರಳಲ್ಲಿ ಒತ್ತಿ ನೋಡಿದ ಮಾತ್ರಕ್ಕೆ ಒಳಗಿನ ಒತ್ತಡ ತಿಳಿಯುವುದಿಲ್ಲ. ತೂಕದವರು ನಡೆದಾಗ ಅದೇ ಮೆತ್ತೆ ಪೂರ್ತಿ ಕುಸಿದು ನೆಲಕ್ಕೆ ತಾಗಿರಬಹುದು.

ಹಾಗಾದರೆ ಅಳೆಯುವ ವಸ್ತು ಮೆತ್ತಗೆ ಯಾಕಿರಬೇಕು? ಕಾರಣ ಬಹಳ ನೇರ. ಗಟ್ಟಿ ಲೋಹದ ಬಿಲ್ಲೆಯನ್ನು ಅಂಗಾಲ ಕೆಳಗಿಟ್ಟರೆ ಅದೇ ಒಂದು ಕಲ್ಲಾಗುತ್ತದೆ. ಒತ್ತಡವನ್ನು ಅಳೆಯಲು ಹೋಗಿ ಒತ್ತಡವನ್ನು ಹುಟ್ಟುಹಾಕುತ್ತದೆ. ಸ್ಪರ್ಶವಿಲ್ಲದ ಪಾದಕ್ಕೆ ಆ ಬಿಲ್ಲೆ ಚುಚ್ಚುತ್ತಿರುವುದು ಕೂಡ ಗೊತ್ತಾಗದು. ಆದ್ದರಿಂದ ಸೆನ್ಸರ್ ಕಾಗದದಷ್ಟು ತೆಳುವಾಗಿರಬೇಕು, ಇಲ್ಲವೇ ಚರ್ಮಕ್ಕೂ ಮೆತ್ತೆಗೂ ಹೊಂದುವಷ್ಟು ಮೃದುವಾಗಿರಬೇಕು. ಸಿಲಿಕೋನ್ ರಬ್ಬರ್, ಫೋಮ್, ವಿದ್ಯುತ್ ಹರಿಯುವ ನೂಲಿನ ಬಟ್ಟೆ ಇವೆಲ್ಲ ಬಳಕೆಗೆ ಬಂದದ್ದು ಹೀಗೆ.

ಒಳಗಿನ ತತ್ವಗಳು ಹಲವು. ಎಲ್ಲಕ್ಕಿಂತ ಅಗ್ಗದ್ದು ಇಂಗಾಲದ ಪುಡಿ ಬೆರೆಸಿದ ಪ್ಲಾಸ್ಟಿಕ್ ಹಾಳೆ. ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಸುತ್ತಿ ಕಳಿಸುವ ಕಪ್ಪು ಹಾಳೆಯನ್ನು ನೋಡಿರುತ್ತೀರಿ, ಅದೇ ಜಾತಿಯದು. ಒತ್ತಿದಾಗ ಹಾಳೆಗೂ ಅದರ ಎರಡು ಬದಿಯ ತಂತಿಗಳಿಗೂ ಸಂಪರ್ಕ ಹೆಚ್ಚಿ ವಿದ್ಯುತ್ತಿಗೆ ತಡೆ ಕಡಿಮೆಯಾಗುತ್ತದೆ. ಆ ಇಳಿಕೆಯನ್ನು ಅಳೆದರೆ ಒತ್ತಡ ಸಿಕ್ಕಿತು. ಎರಡನೆಯದು ಕೆಪಾಸಿಟರ್ ತತ್ವ. ವಿದ್ಯುತ್ ಹರಿಯುವ ಎರಡು ಪದರಗಳ ನಡುವೆ ಮೆತ್ತನೆಯ ಪದರ, ಒತ್ತಿದರೆ ಅಂತರ ಕಿರಿದಾಗಿ ಕೆಪಾಸಿಟೆನ್ಸ್ ಏರುತ್ತದೆ. ಪಾದದ ಒತ್ತಡ ಅಳೆಯಲು ಆಸ್ಪತ್ರೆಗಳಲ್ಲಿ ಬಳಸುವ, ಶೂ ಒಳಗೆ ಹಾಸುವ ಒಳ್ಳೆಯ ಇನ್ಸೋಲ್‌ಗಳಲ್ಲಿ ಈ ಎರಡೂ ಬಗೆಯವಿವೆ. ಮೂರನೆಯದು ಪಿವಿಡಿಎಫ್ ಎಂಬ ಪ್ಲಾಸ್ಟಿಕ್ ಪೊರೆ. ಒತ್ತಿದರೆ ತಾನೇ ವಿದ್ಯುತ್ ಹೊಮ್ಮಿಸುವ ಇದರ ಗುಣವನ್ನು ಜಪಾನಿನ ಹೈಜಿ ಕವಾಯ್ 1969ರಲ್ಲಿ ಪ್ರಕಟಿಸಿದರು. ತಟ್ಟಿದ ಕ್ಷಣವನ್ನು ಇದು ಚೆನ್ನಾಗಿ ಹಿಡಿಯುತ್ತದೆ, ಆದರೆ ನಿಂತ ಭಾರವನ್ನು ಹೇಳಲಾರದು.

ದ್ರವ ಲೋಹದ ದಾರಿ ನನಗೆ ವಿಶೇಷ ಪ್ರೀತಿಯದು. ರಬ್ಬರ್ ಕೊಳವೆಯಲ್ಲಿ ಪಾದರಸ ತುಂಬಿ, ಅದು ಹಿಗ್ಗಿದಾಗ ವಿದ್ಯುತ್ ತಡೆ ಏರುವುದನ್ನು ಅಳೆಯುವ ಉಪಾಯವನ್ನು ಇಂಗ್ಲೆಂಡಿನ ವಿಟ್ನಿ ಎಂಬ ವಿಜ್ಞಾನಿ 1953ರಲ್ಲಿ ಬಳಸಿದರು, ಕೈಕಾಲಿನ ರಕ್ತಸಂಚಾರ ತಿಳಿಯಲು. ಪಾದರಸ ವಿಷ. ಅದರ ಜಾಗಕ್ಕೆ ಈಗ ಗ್ಯಾಲಿಯಂ ಮತ್ತು ಇಂಡಿಯಂ ಸೇರಿದ ಮಿಶ್ರಲೋಹ ಬಂದಿದೆ, ಸುಮಾರು 16 ಡಿಗ್ರಿಗೇ ಕರಗಿ ದ್ರವವಾಗುವಂಥದು. ಸಿಲಿಕೋನ್ ಒಳಗಿನ ಕೂದಲೆಳೆಯ ಕಾಲುವೆಗಳಲ್ಲಿ ಇದನ್ನು ತುಂಬಿದರೆ, ಒತ್ತಿದಲ್ಲಿ ಕಾಲುವೆ ಕಿರಿದಾಗಿ ತಡೆ ಏರುತ್ತದೆ. ಸೆನ್ಸರನ್ನು ಎಳೆದರೂ ತಿರುಚಿದರೂ ತಂತಿ ತುಂಡಾಗುವ ಮಾತೇ ಇಲ್ಲ.

ಸೂಕ್ಷ್ಮತೆ ಎಲ್ಲಿಗೆ ಮುಟ್ಟಿದೆ ಎನ್ನಲು ಒಂದೇ ಉದಾಹರಣೆ ಸಾಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಝೆನಾನ್ ಬಾವೊ ಅವರ ತಂಡ 2010ರಲ್ಲಿ ಮೆತ್ತನೆಯ ಪದರವನ್ನು ಸಪಾಟಾಗಿ ಬಿಡದೆ, ಅದರ ಮೇಲೆ ಕಣ್ಣಿಗೆ ಕಾಣದ ಪಿರಮಿಡ್ಡುಗಳ ಸಾಲನ್ನು ಎರಕ ಹೊಯ್ದಿತು. ಪಿರಮಿಡ್ಡುಗಳ ನಡುವೆ ಗಾಳಿ ಇರುವುದರಿಂದ ಅವು ಸುಲಭವಾಗಿ ಕುಗ್ಗುತ್ತವೆ, ಥಟ್ಟನೆ ಮೊದಲಿನ ಆಕಾರಕ್ಕೆ ಮರಳುತ್ತವೆ. 20 ಮಿಲಿಗ್ರಾಂ ತೂಕದ ನೊಣ ಬಂದು ಕೂತದ್ದನ್ನೂ ಆ ಸೆನ್ಸರ್ ಗುರುತಿಸಿತು. ಪಾದಕ್ಕೆ ಇಷ್ಟು ಸೂಕ್ಷ್ಮತೆ ಬೇಡ. ಪಾದಕ್ಕೆ ಬೇಕಾದದ್ದು ಇದಕ್ಕಿಂತ ಕಷ್ಟದ ಗುಣ, ಬಾಳಿಕೆ ಮತ್ತು ನಂಬಿಕೆ.

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಮೆದು ಸೆನ್ಸರ್‌ಗಳ ನಿಜವಾದ ತೊಡಕುಗಳು ಪ್ರಯೋಗಾಲಯದ ಚಿತ್ರಗಳಲ್ಲಿ ಕಾಣುವುದಿಲ್ಲ. ತಲೆಯಿಟ್ಟು ಮಲಗಿದ ಹತ್ತಿಯ ದಿಂಬು ತಲೆ ಎತ್ತಿದ ಮೇಲೂ ಒಂದಷ್ಟು ಹೊತ್ತು ತಗ್ಗಾಗಿಯೇ ಉಳಿಯುತ್ತದಲ್ಲ, ರಬ್ಬರೂ ಫೋಮೂ ಮಾಡುವುದು ಅದನ್ನೇ. ಒಂದು ಕಿಲೋದಿಂದ ಐದು ಕಿಲೋವರೆಗೆ ಭಾರ ಏರಿಸುತ್ತ ಹೋಗುವಾಗ ಮೂರು ಕಿಲೋದಲ್ಲಿ ಸಿಗುವ ಅಂಕಿ ಒಂದು, ಇಳಿಸುತ್ತ ಬರುವಾಗ ಅದೇ ಮೂರು ಕಿಲೋದಲ್ಲಿ ಸಿಗುವ ಅಂಕಿ ಇನ್ನೊಂದು. ಭಾರವನ್ನು ಅಲುಗಿಸದೆ ಇಟ್ಟರೂ ಹತ್ತು ನಿಮಿಷದಲ್ಲಿ ಅಂಕಿ ತಾನಾಗಿಯೇ ಮೇಲೇರಿರುತ್ತದೆ. ಶೂ ಒಳಗೆ ಬಿಸಿ ಏರುತ್ತದೆ, ಬೆವರು ಇಳಿಯುತ್ತದೆ, ಎರಡೂ ಅಂಕಿಯನ್ನು ಕದಲಿಸುತ್ತವೆ. ನಡೆಯುವಾಗ ಇನ್ಸೋಲ್ ಬೆರಳ ಬುಡದಲ್ಲಿ ಬಾಗುತ್ತದೆ. ಬಾಗಿದ್ದನ್ನೇ ಸೆನ್ಸರ್ ಒತ್ತಡವೆಂದು ಭ್ರಮಿಸುತ್ತದೆ, ಅದೂ ನಮಗೆ ಅತಿ ಮುಖ್ಯವಾದ ಜಾಗದಲ್ಲಿ. ತಂತಿಗಳನ್ನು ಉಳಿಸಲು ಅಡ್ಡಸಾಲು ಉದ್ದಸಾಲುಗಳಾಗಿ ಹೆಣೆಯುತ್ತಾರೆ. ಹತ್ತು ಅಡ್ಡ, ಹತ್ತು ಉದ್ದ ಹಾಕಿದರೆ ಇಪ್ಪತ್ತೇ ತಂತಿಯಲ್ಲಿ ನೂರು ಬಿಂದುಗಳು. ಉಳಿತಾಯ ದೊಡ್ಡದು, ಆದರೆ ಒಂದು ಕಡೆ ಒತ್ತಿದರೆ ಒತ್ತದ ಪಕ್ಕದ ಬಿಂದುವೂ ಹೌದೆನ್ನುತ್ತದೆ. ಸರ್ಕ್ಯೂಟಿನಲ್ಲಿ ಇದನ್ನು ತಡೆಯಬೇಕು. ಹಾಗಾಗಿ ಗೊತ್ತಿರುವ ಭಾರವನ್ನಿಟ್ಟು, ಇಲ್ಲವೇ ಗಾಳಿಚೀಲದಿಂದ ಎಲ್ಲೆಡೆ ಸಮನಾಗಿ ಒತ್ತಿ, ಮತ್ತೆ ಮತ್ತೆ ತಾಳೆ ನೋಡದ ಸೆನ್ಸರಿನ ಅಂಕಿಯನ್ನು ನಾನು ನಂಬುವುದಿಲ್ಲ. ಪರದೆಯ ಮೇಲೆ ಕೆಂಪು ಹಳದಿ ನೀಲಿ ಬಣ್ಣಗಳಲ್ಲಿ ಪಾದ ಎಷ್ಟೇ ಚೆಂದವಾಗಿ ಮೂಡಿದರೂ ಸರಿ.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. ಬಳಕೆಯಲ್ಲಿರುವ ಬಹುತೇಕ ಇನ್ಸೋಲ್‌ಗಳು ನೇರ ಕೆಳಗೆ ಬೀಳುವ ಒತ್ತಡವನ್ನಷ್ಟೇ ಅಳೆಯುತ್ತವೆ. ಚರ್ಮವನ್ನು ಪಕ್ಕಕ್ಕೆ ಎಳೆಯುವ ಬಲ, ಅಂದರೆ ಉಜ್ಜುಬಲ, ಅವಕ್ಕೆ ಕಾಣುವುದಿಲ್ಲ. ಹೊಸ ಚಪ್ಪಲಿ ಕಚ್ಚಿ ಬೊಬ್ಬೆ ಏಳುವುದು ಎಳೆತದಿಂದಲೇ. ಸಡಿಲ ಶೂ ಒಳಗೆ ಪಾದ ಹೆಜ್ಜೆ ಹೆಜ್ಜೆಗೂ ಹಿಂದೆಮುಂದೆ ಜಾರಿದರೆ ಚರ್ಮದ ಪದರಗಳು ಒಂದರಿಂದೊಂದು ಹರಿದು ಬೇರ್ಪಡುತ್ತವೆ, ಆಣಿಯ ಅಡಿಯಲ್ಲಿ ರಕ್ತ ಕಟ್ಟುತ್ತದೆ. ಇದನ್ನು ಅಳೆಯುವ ಉಪಾಯಗಳು ಹುಟ್ಟಿವೆ. ಕೆಪಾಸಿಟರಿನ ಕೆಳಪದರವನ್ನು ನಾಲ್ಕು ತುಂಡು ಮಾಡಿದರೆ, ಮೇಲ್ಪದರ ಪಕ್ಕಕ್ಕೆ ಸರಿದಾಗ ಒಂದು ಬದಿಯ ತುಂಡುಗಳ ಅಂಕಿ ಏರಿ ಎದುರು ಬದಿಯದು ಇಳಿಯುತ್ತದೆ. ಆ ವ್ಯತ್ಯಾಸದಲ್ಲಿ ದಿಕ್ಕೂ ಇದೆ, ಬಲವೂ ಇದೆ. ಸಿಲಿಕೋನ್ ಒಳಗೆ ಸಣ್ಣ ಅಯಸ್ಕಾಂತ ಹುದುಗಿಸಿ, ಅದು ಮೂರು ದಿಕ್ಕಿನಲ್ಲಿ ಕದಲುವುದನ್ನು ಕೆಳಗಿನ ಚಿಪ್ಪಿನಿಂದ ಓದುವ ದಾರಿಯೂ ಇದೆ. ಮುಂದಿನ ವರ್ಷಗಳಲ್ಲಿ ಈ ವಿದ್ಯೆಯ ದೊಡ್ಡ ಗೆಲುವು ಬರುವುದಾದರೆ ಇಲ್ಲಿಂದಲೇ ಬರಬೇಕೆಂದು ನನ್ನ ಎಣಿಕೆ.

ಬ್ರ್ಯಾಂಡ್ ಅವರಿಗೆ ಕೈಗೂಡದ ಕೆಲಸ ಇವತ್ತು ಆಗುತ್ತಿದೆಯೇ ಎಂದು ನೀವು ಕೇಳಬಹುದು. ಒಂದು ಭರವಸೆಯ ಪ್ರಯೋಗ ಇದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಕೆರೊಲಿನ್ ಆ್ಯಬಟ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ್ದು. ಹಿಂದೊಮ್ಮೆ ಹುಣ್ಣಾಗಿ ಮಾಗಿದ್ದ 58 ಸಕ್ಕರೆ ಕಾಯಿಲೆಯವರಿಗೆ ಸೆನ್ಸರ್ ಇರುವ ಇನ್ಸೋಲ್ ಕೊಟ್ಟು ಹದಿನೆಂಟು ತಿಂಗಳವರೆಗೆ ಗಮನಿಸಿದರು. ಅರ್ಧದಷ್ಟು ಜನಕ್ಕೆ ಕೈಗಡಿಯಾರದ ಮೂಲಕ ಎಚ್ಚರಿಕೆ ಹೋಗುತ್ತಿತ್ತು: ಇಂಥ ಜಾಗದಲ್ಲಿ ಬಹಳ ಹೊತ್ತಿನಿಂದ ಒತ್ತಡ ಬಿದ್ದಿದೆ, ಭಾರ ಸರಿಸಿ ಎಂದು. ಉಳಿದವರಿಗೆ ಎಚ್ಚರಿಕೆ ಇಲ್ಲ. ಎಚ್ಚರಿಕೆ ಸಿಕ್ಕವರಲ್ಲಿ ಹುಣ್ಣು ಮರುಕಳಿಸಿದ್ದು ಶೇ. 71ರಷ್ಟು ಕಡಿಮೆ. ಪ್ರಯೋಗ ಚಿಕ್ಕದು, ಇದೊಂದರ ಮೇಲೆಯೇ ಮನೆ ಕಟ್ಟಲಾಗದು. ಆದರೂ ಇದು ಫಲಿಸಿದ್ದರ ಕಾರಣ ನನಗೆ ಕಾಣುವುದು ಹೀಗೆ: ಇಲ್ಲಿ ಶಾಕ್ ಇಲ್ಲ, ಗದರಿಕೆ ಇಲ್ಲ. ತುಸು ನಡೆಯಿರಿ, ಕೂತುಕೊಳ್ಳಿ, ಭಾರ ಬದಲಿಸಿ ಎಂಬ ಕೈಗೂಡುವ ಮಾತು ಮಾತ್ರ ಇದೆ. ಒಮ್ಮೆ ಹುಣ್ಣಿನ ಕಷ್ಟ ಉಂಡವರಿಗೆ ಆ ಮಾತು ನಾಟುತ್ತದೆ.

ಈ ಇನ್ಸೋಲನ್ನು ಹಾಗೆಯೇ ನಮ್ಮೂರಿಗೆ ತಂದರೆ ಏನಾದೀತು? ಅದು ದಿನವಿಡೀ ಲೇಸು ಕಟ್ಟಿದ ಶೂ ಹಾಕುವವರಿಗಾಗಿ ಹುಟ್ಟಿದ ವಸ್ತು. ನಮ್ಮಲ್ಲಿ ಚಪ್ಪಲಿ ಬಾಗಿಲಾಚೆ ಬಿಟ್ಟು ಒಳಗೆ ಬರುತ್ತೇವೆ. ಅಡುಗೆಮನೆಯಲ್ಲಿ, ಅಂಗಳದಲ್ಲಿ, ದೇವಸ್ಥಾನದಲ್ಲಿ, ಗದ್ದೆಯಲ್ಲಿ ಬರಿಗಾಲು. ಬೇಸಿಗೆಯ ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕಿ, ಅಂಗಾಲು ಬೆಂದದ್ದು ತಿಳಿಯದೆ ಮನೆಗೆ ಬರುವವರು ಪ್ರತಿ ವರ್ಷವೂ ಆಸ್ಪತ್ರೆ ಸೇರುತ್ತಾರೆ. ಶೂ ಒಳಗಿನ ಸೆನ್ಸರ್ ಇದ್ಯಾವುದನ್ನೂ ಕಾಣದು. ನಮ್ಮ ಪಾದಗಳ ಅಳತೆ ನಮ್ಮ ನಡಿಗೆಯನ್ನು ನೋಡಿಯೇ ಆಗಬೇಕು. ಆಸ್ಪತ್ರೆಯಲ್ಲಿ ಬರಿಗಾಲಲ್ಲಿ ನಡೆಸಿ ನೋಡುವ ಸೆನ್ಸರ್ ಹಾಸು, ಪಟ್ಟಿಯಿರುವ ಚಪ್ಪಲಿಯ ಅಟ್ಟೆಯೊಳಗೆ ಕೂರುವ ಸೆನ್ಸರ್, ಮನೆಯೊಳಗೆ ಹಾಕಲೆಂದೇ ಬೇರೆ ಮೆತ್ತನೆಯ ಚಪ್ಪಲಿ, ಇವು ನಮಗೆ ಬೇಕಾದವು.

ಬೆಂಗಳೂರಿನಲ್ಲಿ ನಡೆದಿರುವ ಒಂದು ಕೆಲಸ ಈ ದೃಷ್ಟಿಯಿಂದ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಕೆ. ಅನಂತಸುರೇಶ್ ಅವರ ತಂಡ, ಕರ್ನಾಟಕ ಎಂಡೋಕ್ರಿನಾಲಜಿ ಮತ್ತು ಸಂಶೋಧನಾ ಸಂಸ್ಥೆಯ ಪಾದವೈದ್ಯರ ಜೊತೆ ಸೇರಿ, ಸಕ್ಕರೆ ಕಾಯಿಲೆಯವರಿಗೆಂದು ತ್ರೀಡಿ ಮುದ್ರಣದ ಚಪ್ಪಲಿ ರೂಪಿಸಿದೆ. ಅಟ್ಟೆಯಲ್ಲಿ ಸಣ್ಣ ಸಣ್ಣ ಕಮಾನುಗಳಿವೆ. ಒಂದು ಜಾಗದಲ್ಲಿ ಒತ್ತಡ ಗೊತ್ತುಪಡಿಸಿದ ಮಿತಿ ದಾಟಿದರೆ ಆ ಕಮಾನು ಥಟ್ಟನೆ ಕೆಳಮುಖವಾಗಿ ಮಗುಚಿಕೊಳ್ಳುತ್ತದೆ, ಭಾರ ಅಕ್ಕಪಕ್ಕಕ್ಕೆ ಹಂಚಿಹೋಗುತ್ತದೆ. ಕಾಲೆತ್ತಿದರೆ ಮತ್ತೆ ಮೊದಲಿನಂತೆ. ತೂಕ, ಪಾದದ ಅಳತೆ, ನಡಿಗೆಯ ವೇಗಕ್ಕೆ ತಕ್ಕಂತೆ ಮಿತಿಯನ್ನು ಗೊತ್ತುಮಾಡಬಹುದು. ಇದರಲ್ಲಿ ಬ್ಯಾಟರಿ ಇಲ್ಲ, ತಂತಿ ಇಲ್ಲ, ಸದ್ದಿಲ್ಲ. ಒತ್ತಡ ಅರಿಯುವುದೂ ಅದೇ, ಒತ್ತಡ ಇಳಿಸುವುದೂ ಅದೇ. ಆಫ್ ಮಾಡಲು ಗುಂಡಿಯೇ ಇಲ್ಲ. ಕಾರ್ವಿಲ್‌ನಲ್ಲಿ ಬ್ರ್ಯಾಂಡ್ ಅವರಿಗೆ ಎದುರಾದ ಕಷ್ಟಕ್ಕೆ ಇದು ಸರಿಯಾದ ದಿಕ್ಕಿನ ಉತ್ತರ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಆದರೆ ಮಿತಿ ಎಷ್ಟಿರಬೇಕು, ಯಾವ ಜಾಗಕ್ಕೆ ಎಷ್ಟು ಎಂದು ತಿಳಿಯಲು ಮೊದಲು ಅಳೆಯಲೇಬೇಕು. ಆದ್ದರಿಂದ ಮೆದು ಸೆನ್ಸರ್‌ಗಳ ಮೊದಲ ಮನೆ ರೋಗಿಯ ಶೂ ಅಲ್ಲ, ಆಸ್ಪತ್ರೆಯ ಪಾದ ಚಿಕಿತ್ಸೆಯ ಕೋಣೆ ಎಂಬುದು ನನ್ನ ಅಭಿಪ್ರಾಯ. ಚಪ್ಪಲಿ ಹೊಲಿಯುವವರೂ ಪಾದ ನೋಡುವ ಡಾಕ್ಟರೂ ಒಂದೇ ಪರದೆಯನ್ನು ನೋಡುತ್ತ, ಅಳೆದು, ಅಟ್ಟೆ ಕೆತ್ತಿ, ಮತ್ತೆ ಅಳೆದು ಚಪ್ಪಲಿ ಕೊಡಬೇಕು. ಕುಷ್ಠ ರೋಗಿಗಳಿಗಾಗಿ ಬಂದ ಮೈಕ್ರೋಸೆಲ್ಯುಲರ್ ರಬ್ಬರಿನ ಎಂಸಿಆರ್ ಚಪ್ಪಲಿ ಇವತ್ತು ಸಕ್ಕರೆ ಕಾಯಿಲೆಯವರಿಗೂ ಸಿಗುತ್ತಿದೆ. ಅದು ಒಳ್ಳೆಯ ಚಪ್ಪಲಿ. ಪ್ರತಿಯೊಬ್ಬರ ಪಾದಕ್ಕೆ ಅಳೆದು ಕೊಟ್ಟರೆ ಇನ್ನೂ ಎಷ್ಟೋ ಕಾಲುಗಳು ಉಳಿಯುತ್ತವೆ. ಒಂದು ಸೆನ್ಸರ್ ಹಾಸನ್ನು ದಿನಕ್ಕೆ ಹಲವು ರೋಗಿಗಳು ಬಳಸಬಹುದು. ಜಿಲ್ಲಾ ಆಸ್ಪತ್ರೆಗಳಿಗೆ ಇದು ಹೊರಲಾಗದ ವೆಚ್ಚವಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಇದನ್ನು ಕಟ್ಟಬಲ್ಲರು. ಹೊಸ ವಸ್ತುವಿನ ಹೆಸರಿಗಿಂತ ಸರಿಯಾದ ತಾಳೆಯ ಕಡೆಗೆ ಅವರು ಮನಸ್ಸು ಕೊಡಬೇಕು ಎಂಬುದಷ್ಟೇ ನನ್ನ ಕೋರಿಕೆ.

ಯಂತ್ರ ಬರುವ ತನಕ ಕಾಯಬೇಕಿಲ್ಲದ ಒಂದು ಪರೀಕ್ಷೆ ಈಗಲೇ ಇದೆ. ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೈ 1890ರ ದಶಕದಲ್ಲಿ ಚರ್ಮದ ಸ್ಪರ್ಶ ಅಳೆಯಲು ಕುದುರೆಯ ಕೂದಲನ್ನು ಬಳಸಿದರು. ಅದರ ಮೊಮ್ಮಗನೆನ್ನಬಹುದಾದ ನೈಲಾನ್ ಎಳೆ ಇವತ್ತು ಡಾಕ್ಟರ ಮೇಜಿನ ಮೇಲಿರುತ್ತದೆ. ಚರ್ಮಕ್ಕೆ ಒತ್ತಿದರೆ ಸರಿಯಾಗಿ ಹತ್ತು ಗ್ರಾಂ ಬಲಕ್ಕೆ ಆ ಎಳೆ ಬಾಗುತ್ತದೆ. ಕಣ್ಣು ಮುಚ್ಚಿದ ರೋಗಿಗೆ ಅದು ತಾಗಿದ್ದು ತಿಳಿಯದಿದ್ದರೆ ಆ ಪಾದ ಅಪಾಯದಲ್ಲಿದೆ. ಎರಡು ನಿಮಿಷದ ಪರೀಕ್ಷೆ, ನೋವಿಲ್ಲ.

ಸಕ್ಕರೆ ಕಾಯಿಲೆ ಇರುವ ಕೇಳುಗರೇ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ರಕ್ತದ ಅಂಕಿ ಕೇಳಿ ಎದ್ದು ಬರಬೇಡಿ. ಚಪ್ಪಲಿ ಬಿಟ್ಟು ಪಾದ ತೋರಿಸಿ, ಆ ಎಳೆಯಿಂದ ಪರೀಕ್ಷಿಸಿ ಎಂದು ಕೇಳಿ. ದಿನಾ ರಾತ್ರಿ ಎರಡೂ ಅಂಗಾಲುಗಳನ್ನು, ಬೆರಳ ಸಂದುಗಳನ್ನು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಕನ್ನಡಿ ಇಟ್ಟು ನೋಡಿ, ಕಣ್ಣು ಮಂಜಾಗಿದ್ದರೆ ಮನೆಯವರಿಗೆ ತೋರಿಸಿ. ಚಪ್ಪಲಿ ಹಾಕುವ ಮೊದಲು ಒಳಗೆ ಕೈಯಾಡಿಸಿ. ಕೆಂಪು, ಬಿಸಿ, ಬೊಬ್ಬೆ, ಹೊಸ ಆಣಿ ಕಂಡರೆ ನೋವಿಲ್ಲವೆಂದು ಬಿಡಬೇಡಿ, ಮರುದಿನವೇ ವೈದ್ಯರ ಬಳಿ ಹೋಗಿ.